ಬೊಂಬಾಯಿ ಡಬ್ಬ, ಸೀತುವಿನ ಕೂದಲು

"ಕುಡಿ ಹೆಣೆ. ಒಂದ್ ಹನಿ ಬಿಡುಕಾಗ," ಅಂದಳು ಅಮ್ಮಮ್ಮ.

ಸೀತು ಮೂಗು ಮುಚ್ಚಿಕೊಂಡು ಲೋಟ ಎತ್ತಿದಳು. ಬಿಸಿನೀರಿನಲ್ಲಿ ಕದಡಿದ ಬೂದು ಬಣ್ಣದ ಪುಡಿ ಅದು. ಸರಿಯಾಗಿ ಕರಗುವುದೂ ಇಲ್ಲ, ತಳಕ್ಕೆ ಇಳಿಯುವುದೂ ಇಲ್ಲ. ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಸಿಗುತ್ತದೆ.

ಹೇಗೋ ಕುಡಿದು ಮುಗಿಸಿ ಲೋಟ ಕೆಳಗಿಟ್ಟಳೋ ಇಲ್ಲವೋ, ಮನೆಯ ಬೆಕ್ಕು ಓಡಿ ಬಂತು. ಲೋಟದ ಬಾಯಿಗೆ ಮೂತಿ ಹಾಕಿ ನೆಕ್ಕತೊಡಗಿತು. ಲೋಟ ಉರುಳಿತು. ಬೆಕ್ಕು ಲೋಟವನ್ನು ಬಿಡದೆ ಅದರ ಹಿಂದೆಯೇ ಬಾಗಿಲ ತನಕ ಹೋಯಿತು.

"ಈ ಬೆಕ್ಕಿಗ್ ಎಂತ ಮರ್ಲ್ ಹಿಡ್ದಿತಾ?" ಅಂದಳು ಅಮ್ಮಮ್ಮ. ಆಮೇಲೆ ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿ, ಆರಾಮವಾಗಿ ಸೀನಿದಳು.

ಸೀತು ಬೆಕ್ಕನ್ನೇ ನೋಡುತ್ತಿದ್ದಳು. ಅದು ಅಂಥಿಂಥ ಬೆಕ್ಕಲ್ಲ. ನಾವುಂದದ ಕಡಲತಡಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ಹುಟ್ಟಿ ಬೆಳೆದದ್ದು. ಹಾಲು ಇಟ್ಟರೆ ತಿರುಗಿ ನೋಡುವುದಿಲ್ಲ. ಗಂಜಿ ಇಟ್ಟರೆ ಅವಮಾನವಾದವರಂತೆ ಎದ್ದು ಹೋಗುತ್ತದೆ. ಅದು ಬಾಯಿ ಹಾಕುವುದು ಒಂದಕ್ಕೇ.

ಅಮ್ಮಮ್ಮ ಬಾವಿಕಟ್ಟೆಯ ಕಡೆ ಹೋದ ಮೇಲೆ ಸೀತು ಡಬ್ಬದ ಮುಚ್ಚಳ ತೆಗೆದಳು. ಇಷ್ಟು ದಿನ ಮದ್ದು ಎಂದು ಮೂಗು ಮುಚ್ಚಿಕೊಂಡೇ ಕುಡಿದವಳು ಈಗ ಮೆಲ್ಲಗೆ ಮೂಸಿದಳು. ಮೊದಲು ಏಲಕ್ಕಿಯ ಪರಿಮಳ ಬಂತು. ಅದರ ಹಿಂದೆ ಇನ್ನೊಂದು ವಾಸನೆ ಅಡಗಿ ಕುಳಿತಿತ್ತು. ಅದು ಮನೆಯ ಹಿಂದೆ ಚಾಪೆಯ ಮೇಲೆ ಒಣಹಾಕುವ ಬೈಗೆ ಮೀನಿನ ವಾಸನೆ.

ಸೀತು ತಟ್ಟನೆ ಮೂಗು ಹಿಂದಕ್ಕೆಳೆದಳು. ಏಕೆಂದರೆ ಅವಳು ಮೀನು ತಿನ್ನಬಾರದಿತ್ತು.

ಮೀನು ಹಿಡಿಯುವವರ ಮನೆಯ ಹುಡುಗಿ ಮೀನು ಯಾಕೆ ತಿನ್ನಬಾರದು? ಅದಕ್ಕೊಂದು ಕತೆಯಿದೆ.

ಆ ವರ್ಷ ಮಳೆಗಾಲದ ನಡುವೆ ಸೀತುವಿಗೆ ಟೈಫಾಯಿಡ್ ಬಂದಿತ್ತು. ಕುಂದಾಪುರದ ಡಾಕ್ಟರು ಮಾತ್ರೆ ಕೊಟ್ಟರು. ಹುಡುಗಿ ಬದುಕಿದಳು. ಕೆಲವು ದಿನ ಹಗುರವಾಗಿ ಊಟ ಕೊಡಿ ಎಂದಿದ್ದರು ಡಾಕ್ಟರು. ಆ "ಕೆಲವು ದಿನ" ಎಂಬ ಮಾತು ಅಮ್ಮಮ್ಮನ ಕೈಗೆ ಸಿಕ್ಕಿ ಉದ್ದವಾಗುತ್ತಾ ಹೋಯಿತು.

"ಜ್ವರ ಬಂದ್ ಮೈಗೆ ಮೀನ್ ನಂಜ್," ಎಂದು ಅಮ್ಮಮ್ಮ ಪಥ್ಯ ಹಾಕಿದಳು. ನಂಜು ಎಂದರೆ ಮೈಯೊಳಗೆ ಸೇರಿಕೊಂಡು ಹುಣ್ಣು, ಜ್ವರ ಎಲ್ಲವನ್ನೂ ಮತ್ತೆ ಎಬ್ಬಿಸುವಂಥದ್ದು. ಮೀನು ಬೇಡ, ಬರೀ ಗಂಜಿ, ಮಾವಿನಮಿಡಿ.

ನವರಾತ್ರಿಯ ಹೊತ್ತಿಗೆ ಜ್ವರ ಪೂರ್ತಿ ಬಿಟ್ಟು ಸೀತು ಅಂಗಳದಲ್ಲಿ ಓಡಾಡತೊಡಗಿದ್ದಳು. ಆಗ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಹಾಕಿದರೆ ಹಿಡಿ ಹಿಡಿ ಬರುತ್ತಿತ್ತು. "ಕಂಡ್ಯಾ, ನಂಜ್ ಇನ್ನೂ ಒಳ್ಗೇ ಇತ್ತ್," ಅಂದಳು ಅಮ್ಮಮ್ಮ. ಪಥ್ಯ ಬಿಗಿಯಾಯಿತು. ಬೇಳೆ ವಾಯು ಎಂದು ಹೋಯಿತು. ಮೊಟ್ಟೆ ಉಷ್ಣ ಎಂದು ಹೋಯಿತು. ಕೂದಲು ಇನ್ನಷ್ಟು ಉದುರಿತು. ಉದುರಿದಷ್ಟೂ ಪಥ್ಯ, ಪಥ್ಯ ಮಾಡಿದಷ್ಟೂ ಉದುರುವುದು.

ಬೇರೆ ಮನೆಯಾಗಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲವೇನೋ. ಆದರೆ ಈ ಮನೆಯ ಹೆಂಗಸರ ಕೂದಲೆಂದರೆ ಊರಿಗೇ ಹೆಸರು. ಅಮ್ಮ ಜಲಜ ತುರುಬು ಬಿಚ್ಚಿದರೆ ಮೊಣಕಾಲು ಮುಟ್ಟುತ್ತದೆ. ಅಮ್ಮಮ್ಮ ರಾಜೀವಿಗೆ ಈ ವಯಸ್ಸಿನಲ್ಲೂ ತುರುಬು ಕಟ್ಟಲು ಎರಡೂ ಕೈ ಬೇಕು. "ನಮ್ಮನಿ ಹೆಣ್ಮಕ್ಳ ಜಡಿ ಅಂದ್ರೆ ರಂಪಣಿ ಬಲೆ ಎಳೆಯು ಹಗ್ಗ," ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಸೀತುವಿನ ಜಡೆಗಳೂ ಸೊಂಟ ದಾಟಿದ್ದವು.

ಒಂದು ಬೆಳಿಗ್ಗೆ ಅಮ್ಮ ಉಳಿದ ನಾಲ್ಕೆಳೆಗಳನ್ನು ಕತ್ತರಿಯಿಂದ ಕತ್ತರಿಸಿ, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದಳು. ಸೀತುವಿಗೆ ಅಳು ಬಂದದ್ದು ಕೂದಲಿಗಲ್ಲ, ಅಮ್ಮ ಹಾಗೆ ನಿಂತದ್ದಕ್ಕೆ.

ದೀಪಾವಳಿಗೆ ದೇವು ಮಾವ ಬೊಂಬಾಯಿಯಿಂದ ಬಂದ. ಅವನು ಅಮ್ಮನ ತಮ್ಮ, ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಕ್ಕನ ಮಗಳ ಕೂದಲು ಹೋದ ಸುದ್ದಿ ಅವನಿಗೆ ಕಾಗದದಲ್ಲೇ ಮುಟ್ಟಿತ್ತು. ಟ್ರಂಕಿನಿಂದ ಒಂದು ಡಬ್ಬ ತೆಗೆದ. ಅದರ ಮೇಲೆ ಕೂದಲು ನೆಲಕ್ಕೆ ಬಿಟ್ಟುಕೊಂಡು ಕುಳಿತ ಹೆಂಗಸಿನ ಚಿತ್ರವಿತ್ತು.

"ಇದ್ ಪ್ರೋಟೀನ್ ಅಂಬ್ರ್. ದಿನಾ ಒಂದ್ ಚಮ್ಚ. ಬೊಂಬಾಯಂಗೆ ದೊಡ್ಡ ದೊಡ್ಡವ್ರೆಲ್ಲ ಕೂದ್ಲಿಗೆ ಇದ್ನೇ ತಿಂಬುದ್," ಅಂದ ಮಾವ.

"ಎಂತದ್ರಲ್ ಮಾಡದ್ದ್?" ಎಂದು ಅಮ್ಮಮ್ಮ ಕೇಳಿದಳು.

"ಅದೆಲ್ಲ ನಂಗ್ ಗೊತ್ತಿಲ್ಲ. ಅಂಗ್ಡಿಯವ ಒಳ್ಳೇದಂದ. ತಂದೆ."

ಅಂದಿನಿಂದ ಆ ಡಬ್ಬ ದೇವರ ದೀಪದ ಪಕ್ಕದಲ್ಲಿ ಕುಳಿತಿತ್ತು. ಮನೆಯಲ್ಲಿ ಮೀನು ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟಬಾರದು ಎಂದು ಅಮ್ಮಮ್ಮ ಕಟ್ಟಪ್ಪಣೆ ಮಾಡಿದ್ದಳು.

ಈಗ ನೋಡಿದರೆ ಡಬ್ಬದೊಳಗೇ ಮೀನು.

ಹೇಳಿಬಿಡಲೇ ಎಂದು ಸೀತು ಯೋಚಿಸಿದಳು. ಹೇಳಿದರೆ ಅಮ್ಮಮ್ಮ ಡಬ್ಬವನ್ನು ಕಡಲಿಗೆ ಎಸೆಯುವುದು ಖಂಡಿತ. ಡಬ್ಬ ಹೋದರೆ ಕೂದಲು ಹೇಗೆ ಬರುತ್ತದೆ? ಜನವರಿ ಇಪ್ಪತ್ತಾರಕ್ಕೆ ಅವಳಿಗೆ ಕೂದಲು ಬೇಕೇ ಬೇಕಿತ್ತು. ಅವಳು ಮುಚ್ಚಳ ಭದ್ರವಾಗಿ ಹಾಕಿ, ಡಬ್ಬವನ್ನು ಇದ್ದಲ್ಲೇ ಇಟ್ಟಳು.

ಜನವರಿ ಇಪ್ಪತ್ತಾರರಂದು ಶಾಲೆಯ ಮೈದಾನದಲ್ಲಿ ಮಾರ್ಚ್ ಇರುತ್ತದೆ. ಮಕ್ಕಳೆಲ್ಲ ಸಾಲಾಗಿ ನಡೆದು ಧ್ವಜಕ್ಕೆ ವಂದಿಸಬೇಕು. ಎಲ್ಲರ ಮುಂದೆ ನಿಂತು "ಸಾವಧಾನ್" ಎಂದು ಕೂಗುವುದು ಲೀಡರ್. ಹೋದ ವರ್ಷ ಸೀತುವೇ ಲೀಡರ್ ಆಗಿದ್ದಳು. ಐದನೇ ಕ್ಲಾಸಿನ ಹುಡುಗಿ ಏಳನೇ ಕ್ಲಾಸಿನ ಹುಡುಗರನ್ನೂ ನಡೆಸಿದ್ದಳು. ಅವಳ ಸ್ವರ ಅಂಥದ್ದು. ದಡದಲ್ಲಿ ನಿಂತು ಕೂಗಿದರೆ ದೋಣಿಯಲ್ಲಿದ್ದ ಅಪ್ಪಯ್ಯನಿಗೆ ಕೇಳುತ್ತಿತ್ತು.

ಜ್ವರ ಬಂದ ಮೇಲೆ ಆ ಜಾಗಕ್ಕೆ ಪ್ರಫುಲ್ಲಾ ಬಂದಳು. ಪ್ರಫುಲ್ಲಾ ಒಳ್ಳೆಯವಳೇ. ಆದರೆ ಅವಳು ಕೂಗಿದರೆ ಹಿಂದಿನ ಸಾಲಿನವರು "ಎಂತ ಅಂದ್ಲ್?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

"ನೀ ಬೇಗ ಬಾ ಮಾರಾಯ್ತಿ. ಕೂಗಿ ಕೂಗಿ ನನ್ ಗಂಟ್ಲ್ ಹೋಯ್ತ್," ಎಂದು ಪ್ರಫುಲ್ಲಾಳೇ ಹೇಳಿದ್ದಳು.

ಬರುವುದು ಹೇಗೆ? ಹುಡುಗಿಯರೆಲ್ಲ ಎರಡು ಜಡೆ ಹಾಕಿ, ಮಡಚಿ, ಬಿಳಿ ರಿಬ್ಬನ್ ಕಟ್ಟಬೇಕು ಎಂಬುದು ಡ್ರಿಲ್ ಮಾಸ್ಟರ್ ಭೋಜರಾಜ ಶೆಟ್ಟರ ನಿಯಮ. ರಿಬ್ಬನ್ ಒಂದು ಬದಿ ಜೋತು ಬಿದ್ದರೂ ಅವರು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಸೀತುವಾದರೋ ತಲೆಗೆ ಅಮ್ಮನ ಹಳೆ ಸೀರೆಯ ತುಂಡು ಸುತ್ತಿಕೊಂಡು ಶಾಲೆಗೆ ಬರುತ್ತಿದ್ದಳು. ಆದರೂ ಕೆಲವು ಹುಡುಗರು "ಬೋಳ್‌ಮಂಡಿ" ಎಂದು ಕರೆಯದೆ ಬಿಡುತ್ತಿರಲಿಲ್ಲ.

ಬೆಕ್ಕು ಲೋಟ ನೆಕ್ಕಿ ಎರಡು ದಿನವಾಗಿತ್ತು. ಶಾಲೆಯಲ್ಲಿ ಆರೋಗ್ಯದ ಪಾಠ. ಸುಗುಣ ಟೀಚರ್ ಬೋರ್ಡಿನ ಮೇಲೆ ದೊಡ್ಡದಾಗಿ "ಸಸಾರಜನಕ" ಎಂದು ಬರೆದರು.

"ಇದಕ್ಕೆ ಇಂಗ್ಲಿಷಿನಲ್ಲಿ ಪ್ರೋಟೀನ್ ಅಂತಾರೆ," ಅಂದರು ಟೀಚರ್.

ಸೀತು ನೆಟ್ಟಗೆ ಕುಳಿತಳು.

"ಮೈ ಬೆಳೆಯಲಿಕ್ಕೆ ಇದು ಬೇಕು. ಗಾಯ ಮಾಯಲಿಕ್ಕೆ ಬೇಕು. ಉಗುರು, ಕೂದಲು ಎಲ್ಲ ಆಗುವುದು ಇದರಿಂದಲೇ. ಯಾವುದರಲ್ಲಿ ಇರ್ತದೆ? ಹೆಸರುಕಾಳು, ಕಡಲೆ, ತೊಗರಿಬೇಳೆ, ಹಾಲು, ಮೊಟ್ಟೆ, ಮೀನು. ಬರ್ಕೊಳ್ಳಿ."

ಸೀತು ಬರೆದುಕೊಂಡಳು. ಮೀನು ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಹಾಗಾದರೆ ಕೂದಲಿಗೆ ಒಳ್ಳೆಯದೂ ಮೀನೇ, ಕೆಟ್ಟದ್ದೂ ಮೀನೇ? ಟೀಚರ್ ಸರಿಯೋ ಅಮ್ಮಮ್ಮ ಸರಿಯೋ ಅವಳಿಗೆ ತಿಳಿಯಲಿಲ್ಲ.

ಕೊನೆಯ ಪೀರಿಯಡ್ ಡ್ರಿಲ್. ಭೋಜರಾಜ ಮಾಸ್ಟರು ಪ್ರಫುಲ್ಲಾಳ ಸ್ವರ ಕೇಳಿ ಕೇಳಿ ಸಾಕಾಗಿ ಸುತ್ತ ನೋಡಿದರು. "ಸೀತು, ನೀನೊಮ್ಮೆ ಬಾ. ಇವತ್ತಿಗೆ ಮಾತ್ರ," ಅಂದರು.

ಸೀತು ಹೆಮ್ಮೆಯಿಂದಲೇ ಮುಂದೆ ಹೋದಳು. ಮೈ ಸೆಟೆಸಿ ನಿಂತು, ಉಸಿರು ತುಂಬಿಕೊಂಡು, "ಸಾವಧಾನ್" ಎಂದು ಕೂಗಿದಳು.

ಸ್ವರ ಅರ್ಧದಲ್ಲೇ ಒಡೆದು ಹೋಯಿತು. ಇನ್ನೊಮ್ಮೆ ಉಸಿರು ತೆಗೆದುಕೊಂಡಳು. ಮೈದಾನವೆಲ್ಲ ಗಿರ್ರನೆ ತಿರುಗಿತು. ಧ್ವಜದ ಕಂಬ ಹಿಡಿಯಲು ಹೋಗಿ ಅವಳು ಧೊಪ್ಪನೆ ಕುಳಿತುಬಿಟ್ಟಳು. ತಲೆಯ ಬಟ್ಟೆ ಜಾರಿ ಮಣ್ಣಿಗೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸೀತುವಿಗೆ. ಕೂದಲು ಹೋದಾಗ ಆಗದಷ್ಟು ನಾಚಿಕೆ ಈಗ ಆಯಿತು. ಸ್ವರ ಒಂದಾದರೂ ತನ್ನದಾಗಿ ಉಳಿದಿದೆ ಎಂದುಕೊಂಡಿದ್ದಳು. ಅದೂ ಹೋಗಿತ್ತು.

ಸುಗುಣ ಟೀಚರ್ ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು.

"ಬೆಳಿಗ್ಗೆ ಎಂತ ತಿಂದದ್ದು?"

"ಗಂಜಿ, ಟೀಚರ್."

"ಗಂಜಿಗೆ ಎಂತ?"

"ಮಾವಿನ್ಮಿಡಿ."

"ನಿನ್ನೆ ರಾತ್ರಿ?"

ಸೀತು ತಲೆ ತಗ್ಗಿಸಿದಳು. ನಿನ್ನೆ ರಾತ್ರಿಯೂ ಅದೇ, ಮೊನ್ನೆಯೂ ಅದೇ. "ದಿನಾ ಬೆಳಿಗ್ಗೆ ಬೊಂಬಾಯಿ ಪುಡಿ ಕೊಡ್ತ್ರ್ ಟೀಚರ್. ಪ್ರೋಟೀನ್. ಕೂದ್ಲ್ ಬಪ್ಪುಕೆ," ಅಂದಳು.

ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ನಂಜು, ಪಥ್ಯ, ಬೆಕ್ಕು, ಒಣ ಬೈಗೆಯ ವಾಸನೆ ಎಲ್ಲವೂ ಹೊರಗೆ ಬಂತು. "ಅಮ್ಮಮ್ಮಂಗ್ ಗೊತ್ತಿಲ್ಲ ಟೀಚರ್. ಹೇಳ್ರೆ ಡಬ್ಬ ಬಿಸಾಡ್ತ್ಳ್," ಎಂದು ಮುಗಿಸಿದಳು.

ಟೀಚರ್ ಸೆರಗಿನಿಂದ ಬಾಯಿ ಒರೆಸಿಕೊಂಡರು. ನಗು ತಡೆಯುತ್ತಿದ್ದರೋ ಏನೋ. "ಅಲ್ಲ ಸೀತು, ಮನೆ ತುಂಬ ಮೀನು. ಅದನ್ನು ತಿನ್ನಬಾರದು. ಅದೇ ಮೀನು ಪುಡಿಯಾಗಿ ಡಬ್ಬದಲ್ಲಿ ಬಂದ್ರೆ ಕುಡಿಯಬೇಕು. ಅಲ್ವಾ?"

ಹಾಗೆ ಹೇಳಿದಾಗ ಸೀತುವಿಗೂ ನಗು ಬಂತು. ಜೊತೆಗೇ ಅಳುವೂ ಬಂತು.

"ಆ ಪುಡಿ ಕುಡಿದ್ರೆ ಕೂದ್ಲ್ ಬತ್ತಾ ಟೀಚರ್?"

"ನಾನು ಡಾಕ್ಟರಲ್ಲ. ನನಗೆ ಆದದ್ದು ಹೇಳ್ತೇನೆ, ಕೇಳು," ಅಂದರು ಟೀಚರ್. "ಟ್ರೈನಿಂಗಿಗೆ ಹೋಗಿದ್ದಾಗ ನನಗೂ ಟೈಫಾಯಿಡ್ ಬಂದಿತ್ತು. ನನ್ನ ಕೂದಲೂ ಹೀಗೇ ಹೋಯ್ತು. ತಲೆಮೇಲೆ ಸೆರಗು ಹೊದ್ದುಕೊಂಡು ಪಾಠ ಕೇಳಿದ್ದೇನೆ."

ಸೀತು ಟೀಚರರ ಕಪ್ಪು ಜಡೆಯನ್ನು ಬಾಯಿ ಬಿಟ್ಟು ನೋಡಿದಳು.

"ಅಲ್ಲಿಯ ಡಾಕ್ಟರು ಹೇಳಿದರು. ದೊಡ್ಡ ಜ್ವರ ಬಂದರೆ ಕೆಲವರಿಗೆ ಕೂದಲು ಹೋಗ್ತದೆ. ಬೇರು ಸಾಯುವುದಿಲ್ಲ, ನಿದ್ದೆ ಮಾಡ್ತದೆ. ಎಚ್ಚರ ಆದಾಗ ತಾನಾಗಿ ಬರ್ತದೆ. ಆದರೆ ನೀನು ಹೊಟ್ಟೆಗೆ ಸರಿಯಾಗಿ ತಿನ್ನಬೇಕು ಅಂದರು. ನಮ್ಮ ಮನೆಯಲ್ಲಿ ಮೀನು, ಮೊಟ್ಟೆ ತಿನ್ನುವುದಿಲ್ಲ. ನಾನು ತಿಂದದ್ದು ಹೆಸರುಕಾಳು, ಬೇಳೆ, ಹಾಲು, ಮಜ್ಜಿಗೆ. ಬಂತಲ್ಲ?"

"ಹಾಂಗಾರೆ ಮೀನೇ ಬೇಕಂದೇಳಿ ಇಲ್ಯಾ?"

"ಇಲ್ಲ. ಡಬ್ಬವೇ ಬೇಕು ಅಂತಲೂ ಇಲ್ಲ. ಸರಿಯಾಗಿ ಊಟ ಮಾಡುವವರಿಗೆ ಆ ಪುಡಿ ಹೆಚ್ಚಿಗೆ ಎಂತ ಮಾಡ್ತದೆ ಅಂತ ನನಗೆ ಕಾಣುವುದಿಲ್ಲ. ನೀನು ಊಟವೇ ಮಾಡ್ತಾ ಇಲ್ಲ. ಒಂದು ಚಮಚ ಪುಡಿ ಎಷ್ಟಕ್ಕಂತ ಸಾಕಾಗ್ತದೆ? ನಿಮ್ಮ ಮನೆಯಲ್ಲಿ ಎಂತ ಉಂಟೋ ಅದು ತಿನ್ನು."

"ಜನವರಿಗೆ ಜಡಿ ಹಾಕುವಷ್ಟ್ ಬತ್ತಾ?"

ಟೀಚರ್ ಅವಳ ಭುಜದ ಮೇಲೆ ಕೈಯಿಟ್ಟರು. "ಬರುವುದಿಲ್ಲ, ಮಗಾ. ಸುಳ್ಳು ಹೇಳುವುದಿಲ್ಲ ನಿನಗೆ."

ಮನೆಗೆ ಹೋಗುವ ದಾರಿಯುದ್ದಕ್ಕೂ ಸೀತು ಕಾಲಿನಿಂದ ಒಂದು ಚಿಪ್ಪನ್ನು ಒದೆಯುತ್ತಾ ನಡೆದಳು. ಜಡೆ ಬರುವುದಿಲ್ಲ. ಆದರೆ ಸ್ವರ? ಸ್ವರವೂ ಬರದಿದ್ದರೆ ಏನು ಮಾಡುವುದು? ಅದು ನೆನಪಾದಾಗ ಅಮ್ಮಮ್ಮನ ಹೆದರಿಕೆ ಸ್ವಲ್ಪ ಚಿಕ್ಕದಾಗಿ ಕಂಡಿತು.

ಅಮ್ಮಮ್ಮ ಅಂಗಳದಲ್ಲಿ ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದಳು. ಅಮ್ಮ ಬುಟ್ಟಿ ತೊಳೆಯುತ್ತಿದ್ದಳು. ಸೀತು ಒಳಗೆ ಹೋಗಿ ಡಬ್ಬ ತಂದು ಅಮ್ಮಮ್ಮನ ಎದುರಿಗಿಟ್ಟಳು.

"ಅಮ್ಮಮ್ಮ, ಇದ್ರಂಗೆ ಮೀನ್ ಇತ್ತ್."

"ಎಂತ?"

"ಒಣ ಬೈಗೆ. ನಂಗ್ ಮೊನ್ನೆಯೇ ಗೊತ್ತಾಯ್ತ್. ಹೇಳುಕೆ ಹೆದ್ರಿಕಿ ಆಯ್ತ್."

"ಬೊಂಬಾಯಿ ಮದ್ದಂಗೆ ಮೀನ್ ಎಂತಕೆ ಇರತ್ತ್?" ಅಮ್ಮಮ್ಮ ಡಬ್ಬ ಎತ್ತಿ ಮೂಸಿದಳು. ನಶ್ಯ ಏರಿಸಿ ಏರಿಸಿ ಅವಳ ಮೂಗು ಎಂದೋ ಕೆಲಸ ಬಿಟ್ಟಿತ್ತು. "ಎಂತದೂ ಇಲ್ಲ. ನಿಂಗ್ ಭ್ರಮಿ," ಅಂದಳು.

"ಬಾಯಿಗ್ ಹಾಕಿ ಕಾಣ್ ಅಮ್ಮ," ಎಂದು ಸೀತುವಿನ ಅಮ್ಮ ಬುಟ್ಟಿ ಬಿಟ್ಟು ಹತ್ತಿರ ಬಂದಳು.

ಅಮ್ಮಮ್ಮ ಒಂದು ಚಿಟಿಕೆ ಪುಡಿ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಪ್ರಾಯದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಬುಡದವರೆಗೂ ನಡೆದವಳು. ದವಡೆ ಮೆಲ್ಲಗೆ ಆಡಿತು, ನಿಂತಿತು, ಮತ್ತೆ ಆಡಿತು.

"ಬೈಗೆಯೇ," ಅಂದಳು ಕೊನೆಗೆ. ಮುಖ ಕೆಂಪಾಯಿತು. "ಅದೂ ಸರಿ ಬಿಸ್ಲ್ ಕಾಣದ್ದ್. ಇಂಥಾ ಬೈಗೆಯನ್ನ್ ನಾನ್ ತೆಂಗಿನ ಬುಡಕ್ಕೂ ಹಾಕುವಳಲ್ಲ. ನಮ್ ಹೆಣ್ಣಿಗ್ ಇದ್ನ್ ಕುಡ್ಸ್ದೆ ಅಲೆ."

ಅಮ್ಮ ನಗಲು ಶುರುಮಾಡಿದಳು. ಜ್ವರ ಬಂದಂದಿನಿಂದ ಅಮ್ಮ ಹಾಗೆ ನಕ್ಕದ್ದನ್ನು ಸೀತು ಕಂಡಿರಲಿಲ್ಲ. ತುರುಬು ಬಿಚ್ಚಿಹೋಗುವ ತನಕ ನಕ್ಕಳು. "ಅಲ್ಲ ಅಮ್ಮ, ದೀಪದ ಹತ್ರ ಇಟ್ ಪೂಜೆ ಮಾಡ್ತಿದ್ಯಲ," ಅಂದಳು.

ಅಮ್ಮಮ್ಮ ನಗಲಿಲ್ಲ. ಡಬ್ಬವನ್ನು ನೋಡಿದಳು. ಸೀತುವನ್ನು ನೋಡಿದಳು. ಅವಳ ತಲೆಯೊಳಗೆ ಏನೋ ಲೆಕ್ಕ ನಡೆಯುತ್ತಿತ್ತು.

"ದೀಪಾವಳಿಯಿಂದ ಕುಡೀತಿದ್ಯಲ. ಜ್ವರ ಬಂತಾ?"

"ಇಲ್ಲ."

"ಹುಣ್ಣಾಯ್ತಾ?"

"ಇಲ್ಲ."

"ಹಾಂಗಾರೆ ನಂಜ್ ಹೋಯಿತ್," ಎಂದು ಅಮ್ಮಮ್ಮ ತೀರ್ಪು ಕೊಟ್ಟಳು. ಸೋತದ್ದನ್ನು ಒಪ್ಪಿಕೊಳ್ಳದೆಯೇ ಸೋಲುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. "ಜಲಜ, ನಾಳೆ ಇವ್ಳಿಗೆ ಕಾಣಿ ಮೀನ್ ಸಾರ್ ಮಾಡುವ. ಕಾಣಿ ನಂಜಲ್ಲ, ಹಗುರ. ಬೇಳೆಯೂ ಬೇಯ್ಸ್. ಮತ್ತೊಂದ್. ದೇವುಗೆ ಇದ್ನ ಯಾರೂ ಹೇಳುಕಾಗ. ಪಾಪ, ಪ್ರೀತಿಲಿ ತಂದದ್ದ್."

ಡಬ್ಬದಲ್ಲಿ ಉಳಿದ ಪುಡಿ ಬೆಕ್ಕಿಗೆ ಹೋಯಿತು. ಬೆಕ್ಕಿನ ಕೂದಲು ಮೊದಲೇ ಚೆನ್ನಾಗಿದ್ದುದರಿಂದ, ಪುಡಿಯಿಂದ ಏನಾದರೂ ಆಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಶಾಲೆಗೆ ರಜೆ. ಸೀತು ಮೀನು ಮಾರಲು ಹೋಗುವ ಅಮ್ಮನ ಜೊತೆ ದಡದಿಂದಲೇ ನೇರ ತ್ರಾಸಿಯ ಕಡೆ ಹೊರಟಳು. ಅಮ್ಮನ ಬುಟ್ಟಿಯಲ್ಲಿ ಬಂಗುಡೆಯ ರಾಶಿಯ ಮೇಲೆ, ಬಾಳೆಲೆಯಲ್ಲಿ ಸುತ್ತಿದ ಕಾಣೆ ಮೀನು ಬೇರೆಯಾಗಿ ಇತ್ತು. ಕಾಣೆ ಅಂದರೆ ಸುಮ್ಮನೆಯಲ್ಲ. ಅದು ಸಿಕ್ಕ ದಿನ ಮನೆಯವರು ತಿನ್ನುವುದಿಲ್ಲ, ದೊಡ್ಡ ಮನೆಗಳಿಗೆ ಹೋಗುತ್ತದೆ. ಮನೆಗೆ ಉಳಿಯುವುದು ಯಾವಾಗಲೂ ಚಿಕ್ಕ ಮೀನು, ಹೊಟ್ಟೆ ಒಡೆದ ಮೀನು.

ಹೆದ್ದಾರಿ ಬದಿಯ ದೊಡ್ಡ ಮನೆಯ ಪುಷ್ಪಕ್ಕ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಬುಟ್ಟಿ ಇಳಿಸುವ ಮೊದಲೇ ಅವರ ಕಣ್ಣು ಬಾಳೆಲೆಯ ಮೇಲೆ ಬಿತ್ತು.

"ಜಲಜ, ಕಾಣಿ ಇತ್ತಲೆ. ಕೊಡ್. ಮನೆಗ್ ನೆಂಟ್ರ್ ಬಂದಿದ್ರ್."

"ಬಂಗುಡಿ ತಕಣಿ ಅಕ್ಕ. ಇವತ್ತ್ ಕಾಣಿ ಕೊಡುಕಿಲ್ಲ."

"ಯಾರಿಗ್ ಇಟ್ಟದ್ದ್? ಹೆಚ್ಚಿಗೆ ಕೊಡ್ತೆ ಮಾರಾಯ್ತಿ."

"ಎಷ್ಟ್ ಕೊಟ್ರೂ ಇಲ್ಲ ಅಕ್ಕ. ನನ್ ಮಗ್ಳಿಗೆ," ಅಂದಳು ಅಮ್ಮ.

ಅಮ್ಮ ಅದನ್ನು ಜೋರಾಗಿ ಹೇಳಲಿಲ್ಲ. ಆದರೆ ಬೆನ್ನು ನೆಟ್ಟಗಿತ್ತು, ಗಲ್ಲ ಸ್ವಲ್ಪ ಮೇಲಿತ್ತು. ಬುಟ್ಟಿಯಲ್ಲಿದ್ದ ಮೀನನ್ನು ಕೊಡುವುದಿಲ್ಲ ಎಂದು ಅಮ್ಮ ಹೇಳಿದ್ದನ್ನು ಸೀತು ಅದೇ ಮೊದಲು ಕೇಳಿದ್ದು. ಆ ಹೊತ್ತಿನಲ್ಲಿ ಅವಳಿಗೆ ಇಡೀ ಹೆದ್ದಾರಿಯಲ್ಲಿ ತನ್ನಮ್ಮನಷ್ಟು ದೊಡ್ಡ ಮನುಷ್ಯರು ಬೇರೆ ಯಾರೂ ಇಲ್ಲ ಎನ್ನಿಸಿತು.

ಮಧ್ಯಾಹ್ನ ಅಮ್ಮಮ್ಮ ತಾನೇ ಕುಳಿತು ಕಾಣೆಯ ಮುಳ್ಳು ಬಿಡಿಸಿ ಬಟ್ಟಲಿಗೆ ಹಾಕಿದಳು. "ಹೆಂಗಿತ್ತ್?" ಎಂದು ಕೇಳಿದಳು. ಸೀತುವಿನ ಬಾಯಿ ತುಂಬಿತ್ತು, ಅವಳು ತಲೆ ಮಾತ್ರ ಆಡಿಸಿದಳು. ಅಮ್ಮಮ್ಮ ಅತ್ತ ತಿರುಗಿ ಸೀನಿದಳು. ಕಣ್ಣು ಒರೆಸಿಕೊಂಡದ್ದು ನಶ್ಯಕ್ಕೋ ಬೇರೆ ಯಾವುದಕ್ಕೋ ಹೇಳುವುದು ಕಷ್ಟ.

ಆಮೇಲೆ ಬಟ್ಟಲಿಗೆ ಒಂದೊಂದೇ ವಾಪಸು ಬಂದವು. ಹೆಸರುಕಾಳು ಬಂತು. ಮನೆಯ ಕೋಳಿಯ ಮೊಟ್ಟೆ ಬಂತು. ಸಣ್ಣ ಬೈಗೆಯ ಹುಳಿಖಾರದ ಪುಳಿಮುಂಚ್ ಬಂತು. ಕೂದಲು ಮಾತ್ರ ಬರಲಿಲ್ಲ. ಸೀತು ದಿನಾ ಬೆಳಿಗ್ಗೆ ತಲೆ ಸವರಿ ನೋಡುತ್ತಿದ್ದಳು. ಡಿಸೆಂಬರ್ ನಡುವಿನಲ್ಲಿ ಒಂದು ದಿನ ಅಂಗೈಗೆ ಏನೋ ಚುಚ್ಚಿತು. ಆಗ ತಾನೇ ಮೊಳೆತ, ಗಿಡ್ಡ, ಒರಟು ಕೂದಲು.

ಅದಕ್ಕಿಂತ ಮೊದಲೇ ಇನ್ನೊಂದು ಬಂದಿತ್ತು. ಒಂದು ಸಂಜೆ ರಂಪಣಿ ದೋಣಿ ದಡದಿಂದ ದೂರದಲ್ಲಿತ್ತು. ಮನೆಗೆ ನೆಂಟರು ಬಂದಿದ್ದಾರೆ, ಅಪ್ಪಯ್ಯನನ್ನು ಕರಿ ಎಂದಳು ಅಮ್ಮ. ಸೀತು ನೀರಿನ ಅಂಚಿಗೆ ಹೋಗಿ, ಯೋಚಿಸದೆಯೇ ಕೈ ಬಾಯಿಗಿಟ್ಟು "ಹ್ವಾಯ್, ಅಪ್ಪಯ್ಯ" ಎಂದು ಕರೆದಳು.

ಅಲೆಯ ಸದ್ದಿನ ಮೇಲೆ ಸ್ವರ ಹಾರಿಕೊಂಡು ಹೋಯಿತು. ದೋಣಿಯಲ್ಲಿ ಒಂದು ತಲೆ ಹಿಂದಕ್ಕೆ ತಿರುಗಿತು. ಅಪ್ಪಯ್ಯ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಎತ್ತಿ ಬೀಸಿದರು.

ಜನವರಿ ಬಂತು. ಸೀತುವಿನ ತಲೆಯಲ್ಲಿ ಒಂದು ಬೆರಳು ಅಗಲದಷ್ಟು ಕೂದಲು ನೆಟ್ಟಗೆ ನಿಂತಿತ್ತು. ಬಾಚಿದರೆ ಮಲಗುತ್ತಿರಲಿಲ್ಲ, ಎಣ್ಣೆ ಹಚ್ಚಿದರೂ ಮಲಗುತ್ತಿರಲಿಲ್ಲ. ಅವಳು ತಲೆಗೆ ಸುತ್ತುವ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ಹೋಗಿ, ನೇರ ಭೋಜರಾಜ ಮಾಸ್ಟರ ಮುಂದೆ ನಿಂತಳು.

"ಸರ್, ನಾನ್ ಲೀಡರ್ ಆತೆ."

ಮಾಸ್ಟರು ಕನ್ನಡಕದ ಮೇಲಿನಿಂದ ಅವಳ ತಲೆ ನೋಡಿದರು. "ನಿಯಮ ಗೊತ್ತುಂಟಲ್ಲ? ರಿಬ್ಬನ್ ಎಲ್ಲಿಗೆ ಕಟ್ತೀ?"

"ರಿಬ್ಬನ್ ಕಟ್ಟುಕೆ ಕೂದ್ಲ್ ಇಲ್ಲ ಸರ್. ಕೂಗುಕೆ ಸ್ವರ ಇತ್ತ್," ಅಂದಳು ಸೀತು.

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಮಾಸ್ಟರು ಮೈದಾನದ ಕಡೆ ಕೈ ತೋರಿಸಿದರು. ಅಲ್ಲಿ ಹುಡುಗರು ಚೆಂಡಾಡುತ್ತಿದ್ದರು, ಹುಡುಗಿಯರು ಮರದಡಿ ಕುಳಿತಿದ್ದರು, ಯಾರೂ ಸಾಲಿನಲ್ಲಿರಲಿಲ್ಲ.

ಸೀತು ಉಸಿರು ತುಂಬಿಕೊಂಡಳು. "ಸಾವಧಾನ್."

ಚೆಂಡು ತಾನೇ ಉರುಳಿಕೊಂಡು ಹೋಯಿತು. ಹುಡುಗರು ನಿಂತಲ್ಲೇ ಸೆಟೆದು ನಿಂತರು. ಮರದಡಿಯ ಹುಡುಗಿಯರು ಎದ್ದು ನಿಂತರು. ಆಫೀಸಿನಿಂದ ಹೆಡ್‌ಮಾಸ್ಟರೂ ಗಾಬರಿಯಾಗಿ ಹೊರಗೆ ಬಂದು, ಕೈ ಪಕ್ಕಕ್ಕಿಟ್ಟು ನಿಂತುಬಿಟ್ಟರು.

"ಪ್ರಫುಲ್ಲಾ," ಎಂದು ಮಾಸ್ಟರು ಕರೆದರು, "ನೀನು ನಾಳೆಯಿಂದ ಎರಡನೇ ಸಾಲು."

"ಅಬ್ಬ, ಬದುಕಿದೆ ಸರ್," ಅಂದಳು ಪ್ರಫುಲ್ಲಾ.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಮೈದಾನದ ಬೇಲಿಯ ಸುತ್ತ ಜನ ಸೇರಿದ್ದರು. ಹುಡುಗಿಯರ ಬಿಳಿ ರಿಬ್ಬನ್‌ಗಳೆಲ್ಲ ಒಂದೇ ಎತ್ತರದಲ್ಲಿದ್ದವು. ಎಲ್ಲರ ಮುಂದೆ, ಒಬ್ಬಳೇ, ಬರಿತಲೆಯಲ್ಲಿ ಸೀತು ನಿಂತಿದ್ದಳು. ಕಡಲ ಗಾಳಿ ನೇರ ನೆತ್ತಿಗೆ ತಾಗುತ್ತಿತ್ತು. ಅವಳಿಗೆ ಅದು ತಂಪಾಗಿ, ಹಿತವಾಗಿತ್ತು.

ಅವಳು ಕೂಗಿದಾಗ ಅಷ್ಟೂ ಕಾಲುಗಳು ಒಟ್ಟಿಗೆ ಎದ್ದು ಒಟ್ಟಿಗೆ ನೆಲಕ್ಕೆ ಬಿದ್ದವು. ತಿಂದ ಕಾಣೆ, ಹೆಸರುಕಾಳು, ಮೊಟ್ಟೆ ಎಲ್ಲ ಮೊದಲು ಇಲ್ಲಿಗೇ ಬಂದು ಸೇರಿದೆ ಎಂದು ಸೀತುವಿಗೆ ತಿಳಿಯಿತು. ಎದೆಗೆ, ಕಾಲಿಗೆ, ಗಂಟಲಿಗೆ. ಕೂದಲಿನ ಸರದಿ ಇನ್ನೂ ಬರಬೇಕು. ಬರಲಿ, ನಿಧಾನ ಬರಲಿ.

ಬೇಲಿಯ ಪಕ್ಕದಿಂದ ಸಾಲು ಹಾದುಹೋಗುವಾಗ ಅಮ್ಮ ಕಣ್ಣಿಗೆ ಬಿದ್ದಳು. ಕಾಲಬುಡದಲ್ಲಿ ಮೀನಿನ ಬುಟ್ಟಿ. ಮೀನಿಗೆ ಹೊತ್ತಾಗುತ್ತಿದ್ದರೂ ಅಮ್ಮ ಅಲ್ಲಾಡದೆ ನಿಂತಿದ್ದಳು. ಪಕ್ಕದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೇಳುತ್ತಿದ್ದಳು.

"ಮುಂದಿತ್ತಲೆ, ಆ ಕೂದ್ಲಿಲ್ಲದ್ ಹುಡ್ಗಿ, ಅದ್ ಯಾರ್ದ್?"

"ನನ್ದ್," ಅಂದಳು ಅಮ್ಮ. "ಸ್ವರ ಕೇಂಡ್ರ್ಯಾ?"

ಸೀತುವಿಗೆ ನಗು ಉಕ್ಕಿ ಬಂತು. ಆದರೆ ಲೀಡರ್ ನಗುವಂತಿಲ್ಲ. ಅವಳು ಗಲ್ಲ ಸ್ವಲ್ಪ ಮೇಲೆತ್ತಿ, ಮುಂದಿನ ಆಜ್ಞೆಯನ್ನು ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಕೂಗಿದಳು.